ಗಿರಣಿ ದೊಡ್ಡವ್ವ ಕೇಳುತ್ತಿದ್ದ ಕೊಲೆ ಕಥೆಗಳು

ಸಂಜೆ ಗಿರಣಿ ನಿಲ್ಲಿಸಿ ದೊಡ್ಡವ್ವ ಕಿವಿಯಿಂದ ಇಯರ್‌ಫೋನ್ ತೆಗೆದಾಗ, ಅದು ಕೂತಿದ್ದಷ್ಟು ಜಾಗ ಮಾತ್ರ ಖಾರದ ಪುಡಿ ಹತ್ತದೆ ಉಳಿದಿರುತ್ತಿತ್ತು. ಉಳಿದ ಮುಖವೆಲ್ಲ ಕೆಂಪು. ಹುಬ್ಬು ಕೆಂಪು, ರೆಪ್ಪೆ ಕೆಂಪು, ತಲೆಗೆ ಕಟ್ಟಿದ ಟವೆಲ್ಲಿನಿಂದ ಹೊರಗೆ ಬಿದ್ದ ಬಿಳಿಗೂದಲಿನ ತುದಿಯೂ ಕೆಂಪು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಯಾರಿಗೂ ಹೊಸದಲ್ಲ. ಆದರೆ ಕಿವಿಯೊಳಗಿನ ಆ ಸಣ್ಣ ಸ್ವಚ್ಛ ಜಾಗವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಓಣಿಯವರೆಲ್ಲ ಅವರನ್ನು ಗಿರಣಿ ದೊಡ್ಡವ್ವ ಎನ್ನುತ್ತಿದ್ದರು. ಗಂಡ ತೀರಿದ ಮೇಲೆ ಖಾರ ಕುಟ್ಟುವ ಗಿರಣಿಯನ್ನು ಅವರೇ ನಡೆಸುತ್ತಿದ್ದರು. ಅವರ ಗೋಡೆಗೆ ಹತ್ತಿ ನನ್ನ ಹೊಲಿಗೆ ಅಂಗಡಿ. ಗಿರಣಿ ತಿರುಗುವಾಗ ನನ್ನ ಮೇಜಿನ ಮೇಲಿನ ಗುಂಡಿಗಳ ಡಬ್ಬಿ ತಾನಾಗಿ ನಡುಗುತ್ತಿತ್ತು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಗಿರಾಕಿಗಳು ಹೆಬ್ಬೆರಳು ತೋರುಬೆರಳು ತಿಕ್ಕಿ ಸಣ್ಣಗೆ ಬೇಕೋ ದಪ್ಪಗೆ ಬೇಕೋ ತೋರಿಸುತ್ತಿದ್ದರು. ಮಾತಿನಿಂದ ಬಿಡುವು ಸಿಕ್ಕ ಕಿವಿಯಲ್ಲಿ ದೊಡ್ಡವ್ವ ಕಥೆ ಕೇಳುತ್ತಿದ್ದರು. ಕೊಲೆಯ ಕಥೆ, ಕಳುವಿನ ಕಥೆ, ಕಾಣೆಯಾದವರ ಕಥೆ. ಯಾರೋ ಪುಸ್ತಕ ಓದಿ ಹೇಳುವ ಆಡಿಯೋಗಳು. ಅವನ್ನು ಮೊಬೈಲಿಗೆ ಹಾಕಿಕೊಟ್ಟವನು ಅವರ ಒಬ್ಬನೇ ಮಗ.

"ಟೀವಿ ಸೀರಿಯಲ್ ಬ್ಯಾಡಾತೇನ್ರಿ ದೊಡ್ಡವ್ವ?" ಎಂದು ನಾನು ಒಮ್ಮೆ ಕೇಳಿದ್ದೆ.

"ಅದರಾಗ ಯಾವದೂ ಮುಗ್ಯಾಂಗಿಲ್ಲವಾ. ಅತ್ತಿ ಸಾಯಂಗಿಲ್ಲ, ಸೊಸಿ ಸಾಯಂಗಿಲ್ಲ. ಇದರಾಗ ಮೊದಲ ದಿನಾನ ಒಬ್ಬಾಂವ ಸತ್ತ ಬಿಡ್ತಾನ. ಕೆಲಸ ಲಗೂ ಚಾಲೂ ಆಗ್ತೈತಿ."

ಓದುವವನು ಮೈಸೂರು ಕಡೆಯವನಿರಬೇಕು ಎಂಬುದು ಅವರ ಅಂದಾಜು. "ಕೊಲಿ ಮಾಡಿದಾವನೂ ಎಷ್ಟ ಮರ್ಯಾದಿಲೆ ಮಾತಾಡ್ತಾನ ನೋಡ. ನಮ್ಮ ಕಡೆ ಇದ್ದಿದ್ರ ಮೊದಲ ಎರಡ ಬೈತಿದ್ದ" ಎಂದು ನಗುತ್ತಿದ್ದರು. ಕಥೆ ಬಿಗಿಯಾದಾಗ ತಾವೆಲ್ಲಿದ್ದೇವೆ ಎಂಬುದೇ ಮರೆಯುತ್ತಿತ್ತು. ಒಂದು ದಿನ ಒಬ್ಬ ಹೆಣ್ಣುಮಗಳು ಮೆಣಸಿನಕಾಯಿಯ ಬುಟ್ಟಿ ಹೊತ್ತು ಹೊಸ್ತಿಲು ದಾಟುತ್ತಿದ್ದಳು. ದೊಡ್ಡವ್ವ ಗಿರಣಿಯ ಸದ್ದಿಗೂ ಮೇಲೆ, "ಏ ಹುಚ್ಚಿ, ಒಳಗ ಹೋಗಬ್ಯಾಡ! ಅಲ್ಲೇ ಅದಾನ ಅಂವ!" ಎಂದು ಕೂಗಿಬಿಟ್ಟರು. ಆಕೆ ಬುಟ್ಟಿಯೊಂದಿಗೆ ಬೀದಿಗೆ ಜಿಗಿದಳು. "ನಿನಗಲ್ಲವಾ, ನೀ ಬಾ" ಎಂದು ಕರೆತರಲು ನಾನೇ ಹೋಗಬೇಕಾಯಿತು.

ಕರೆಂಟ್ ಹೋದರೆ ಗಿರಣಿ ನಿಲ್ಲುತ್ತಿತ್ತು. ಆಗ ಅವರು ಮುಖ ತೊಳೆದುಕೊಂಡು, ಮೊಬೈಲ್ ಹಿಡಿದು ನನ್ನ ಅಂಗಡಿಗೆ ಬರುತ್ತಿದ್ದರು. ನಾನು ಗುಂಡಿಯ ಕಾಜಾ ಹೊಲಿಯುತ್ತಿರುವಾಗ ಕಥೆಯನ್ನು ಸ್ಪೀಕರಿಗೆ ಹಾಕುತ್ತಿದ್ದರು. ಕೊನೆಯ ಅಧ್ಯಾಯಕ್ಕೆ ಮೊದಲು ತಪ್ಪದೆ ನಿಲ್ಲಿಸಿ ನನ್ನ ಕಡೆ ತಿರುಗುತ್ತಿದ್ದರು.

"ಈಗ ಹೇಳು. ಯಾರ ಮ್ಯಾಲ ಸಂಶೆ ಅಂತ ಕೇಳಾಕತ್ತಿಲ್ಲ. ಇಲ್ಲೀತನಕಾ ಏನ್ ಕೇಳಿದಿ, ಅಷ್ಟ ಹೇಳು."

ಒಂದು ಕಥೆಯಲ್ಲಿ, ಕೊಲೆಯಾದ ಮೇಲೆ ಕಾವಲುಗಾರ ಓಡಿಹೋದ ಎಂದು ನಾನು ಹೇಳಿದೆ. ದೊಡ್ಡವ್ವ ತಲೆಯಾಡಿಸಿದರು.

"ಓಡಿಹೋದ ಅಂತ ಎಲ್ಲಿ ಹೇಳ್ಯಾರ? ಗೇಟಿನ್ಯಾಗ ಕಾಣಲಿಲ್ಲ ಅಂತ ಹೇಳ್ಯಾರ. ಓಡಿಸಿದಾಕಿ ನೀ."

ಹಿಂದಕ್ಕೆ ಸರಿಸಿ ಆ ಭಾಗವನ್ನು ಮತ್ತೆ ಕೇಳಿಸಿದರು. ಅವರು ಹೇಳಿದ್ದೇ ಸರಿ. ಕಾವಲುಗಾರನೂ ಸತ್ತಿದ್ದ ಎಂಬುದು ಕೊನೆಯಲ್ಲಿ ತಿಳಿಯಿತು. ಆದರೆ ಕೊಲೆಗಾರ ಯಾರೆಂದು ಹೇಳುವುದರಲ್ಲಿ ಅವರು ನನ್ನಷ್ಟೇ ತಪ್ಪುತ್ತಿದ್ದರು. ಅದಕ್ಕೆ ಬೇಸರವೇನೂ ಇರಲಿಲ್ಲ.

ಮಗ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಮೆಣಸಿನಕಾಯಿ ಚೀಲ ಹೇರಿಕೊಂಡು ರಾಣೆಬೆನ್ನೂರು, ಹಾವೇರಿ, ಗುತ್ತಲ ಎಂದು ತಿರುಗುವವನು. ತಾಯಿ ಮಗ ಇಬ್ಬರೂ ಒಂದೇ ಕಥೆಯನ್ನು ಒಟ್ಟಿಗೆ ಶುರು ಮಾಡುತ್ತಿದ್ದರು. ತಾಯಿ ಗಿರಣಿಯಲ್ಲಿ, ಮಗ ಗಾಡಿಯಲ್ಲಿ. ಹಿಂದೆ ಬಿದ್ದವರಿಗೆ ಮುಂದಿನದನ್ನು ಹೇಳಬಾರದು ಎಂಬುದು ಮನೆಯ ಕಟ್ಟಳೆ. ಹೇಳುತ್ತೇನೆ ಎಂದು ಹೆದರಿಸುವುದು ಮನೆಯ ಆಟ.

ಆ ದಿನ ಮಧ್ಯಾಹ್ನ ಕರೆಂಟ್ ಇರಲಿಲ್ಲ. ನನ್ನ ಅಂಗಡಿಯಲ್ಲೇ ಕೂತು ಒಂದು ಕಥೆಯನ್ನು ಮುಗಿಸಿದ ದೊಡ್ಡವ್ವ, ಕೂಡಲೇ ಮಗನಿಗೆ ಫೋನ್ ಮಾಡಿದರು. ಫೋನ್ ಸ್ಪೀಕರಿನಲ್ಲೇ ಇತ್ತು.

"ನಂದು ಮುಗೀತ ನೋಡಪಾ! ನಿಂದು ಎಲ್ಲಿಗೆ ಬಂತು?"

"ರಾಣೆಬೆನ್ನೂರಾಗ ಅದೇನಿ, ಚೀಲಾ ಇಳಸಾಕತ್ತಾರ. ನಂದು ಇನ್ನೂ ಭಾಳ ಉಳದೈತಿ. ಹೇಳಬ್ಯಾಡಬೇ!"

"ಸಂಜಿ ರೊಟ್ಟಿಗೆ ಬರೂದ್ರಾಗ ಮುಗಿಸ್ಕೊಂಡು ಬಾ. ಇಲ್ಲಾಂದ್ರ ತಾಟಿನ ಮುಂದ ಕುಂದ್ರಿಸಿ ಹೇಳೇಬಿಡ್ತೇನಿ, ಯಾರಂತ."

ಮಗ ನಕ್ಕ. ನಾನೂ ನಕ್ಕೆ.

ಆ ಮೇಲೆ ನಾನು ಹೊಲಿದಿಟ್ಟ ಕುಪ್ಪಸಗಳನ್ನು ಕೊಡಲು ಮೋಟೆಬೆನ್ನೂರಿನ ಮದುವೆ ಮನೆಗೆ ಹೋದೆ. ಕೊಟ್ಟು, ವಾಪಸು ಬರಲು ಬ್ಯಾಡಗಿ ರಸ್ತೆ ತಿರುಗುವಲ್ಲಿ ಬಸ್ಸಿಗೆ ನಿಂತಿದ್ದೆ. ಅಲ್ಲಿ ನಾನು ನೋಡಿದ್ದು ಇಷ್ಟು. ಹೆದ್ದಾರಿಯಿಂದ ದೊಡ್ಡವ್ವನ ಮಗನ ಗಾಡಿ ಬ್ಯಾಡಗಿ ರಸ್ತೆಗೆ ತಿರುಗಿತು. ತಿರುಗುವಾಗ ರಸ್ತೆಯ ಬಲಭಾಗಕ್ಕೆ ಬಂತು. ಎದುರಿನಿಂದ ಮೊಪೆಡ್ಡಿನ ಹಿಂದೆ ಮೇವಿನ ಹೊರೆ ಕಟ್ಟಿಕೊಂಡು ಒಬ್ಬ ಹಿರಿಯರು ತಮ್ಮ ಎಡಗಡೆಯಲ್ಲೇ ಬರುತ್ತಿದ್ದರು. ಅವರು ಹಾರ್ನ್ ಹೊಡೆದರು, ಮತ್ತೆ ಹೊಡೆದರು. ಗಾಡಿ ನಿಧಾನವಾಗಲಿಲ್ಲ. ಡಿಕ್ಕಿಯಾದ ಮೇಲೆ ನಿಂತಿತು. ಮೇವು ರಸ್ತೆಯ ತುಂಬ ಹರಡಿತು. ಹಿರಿಯರು ಮೇವಿನ ಆಚೆ ಬಿದ್ದಿದ್ದರು. ಒಂದು ಚಪ್ಪಲಿ ನನ್ನ ಕಾಲ ಬಳಿ ಬಂದು ಬಿದ್ದಿತ್ತು.

ಜನ ಸೇರಿದರು. ಅವರನ್ನು ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರಂತೆ. ಉಳಿಯಲಿಲ್ಲ. ಪೊಲೀಸರು ನನ್ನ ಹೆಸರು ಬರೆದುಕೊಂಡು, ಹೇಳಿಕೆಗೆ ಕರೆಸುತ್ತೇವೆ ಎಂದರು.

ಸಾವಿನ ಸುದ್ದಿ ಬಂದ ಬೆಳಿಗ್ಗೆ ದೊಡ್ಡವ್ವನ ಮೈದುನ ನನ್ನ ಅಂಗಡಿಗೆ ಬಂದರು. ಓಣಿಯ ಹಿರಿಯರು, ನನ್ನ ಮದುವೆಗೆ ಓಡಾಡಿದವರು.

"ತಂಗೀ, ನೀ ಸುಳ್ಳ ಹೇಳೂದ ಬ್ಯಾಡ. ಬಸ್ಸಿನ ಹಾದಿ ನೋಡಾಕತ್ತಿದ್ದೆ, ಸಪ್ಪಳಾದ ಮ್ಯಾಲ ತಿರುಗಿ ನೋಡಿದೆ ಅನ್ನು. ಅಷ್ಟ ಸಾಕು. ಒಂದ ಮನಿ ಉಳೀತೈತಿ."

ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ. ಅವರು ಹೇಳಿದ್ದು ಕಷ್ಟದ ಕೆಲಸವೇನಲ್ಲ. ನಾನು ಎತ್ತ ಮುಖ ಮಾಡಿ ನಿಂತಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಮಧ್ಯಾಹ್ನ ದೊಡ್ಡವ್ವ ಬಂದರು. ಗಿರಣಿ ಹಚ್ಚಿರಲಿಲ್ಲವಾದ್ದರಿಂದ ಮುಖದ ಮೇಲೆ ಖಾರ ಇರಲಿಲ್ಲ. ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಯಾವಾಗಲೂ ಕೂರುವ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿದರು.

"ಏನ್ ನೋಡೀದಿ, ಹೇಳು."

ಹೇಳಿದೆ. ಎಲ್ಲೂ ತಡೆಯದೆ ಕೇಳಿದರು. ಹಾರ್ನಿನ ಮಾತು ಬಂದಾಗ ಮಾತ್ರ, "ಗಾಡಿ ಹಾರ್ನೋ, ಮೊಪೆಡ್ಡಿನ ಹಾರ್ನೋ?" ಎಂದು ಕೇಳಿದರು. ಮೊಪೆಡ್ಡಿನದು ಎಂದೆ. ಕಥೆ ಕೇಳುತ್ತಾ ಬರುತ್ತಿದ್ದ, ಅದಕ್ಕೇ ಅವನಿಗೆ ಹಾರ್ನ್ ಕೇಳಲಿಲ್ಲ ಎಂದು ನಾನು ಸೇರಿಸಿದೆ. ಆಗ ಕಣ್ಣು ತೆರೆದರು.

"ಅದನ್ನ ನೋಡೀದಿ?"

"ಇಲ್ರಿ."

"ಕಿವ್ಯಾಗ ವೈರ್ ಇತ್ತೇನು?"

"ಇಳದು ಓಡಿ ಬಂದಾಗ ಒಂದ ಕಿವ್ಯಾಗಿತ್ರಿ. ಇನ್ನೊಂದು ಕೊಳ್ಳಾಗ ಜೋತಾಡತಿತ್ತು. ಗಾಡಿ ನಡಸುವಾಗ ನಂಗ ಕಂಡಿಲ್ಲ."

"ಮತ್ತ ಹಂಗ ಹೇಳು. ಇಳದಾಗ ಇತ್ತು. ನಡಸುವಾಗ ಕಂಡಿಲ್ಲ. ಒಂದ ಮಾತು ಹೆಚ್ಚ ಬ್ಯಾಡ, ಒಂದ ಮಾತು ಕಡಿಮಿ ಬ್ಯಾಡ."

"ದೊಡ್ಡವ್ವ, ಅಂವ ನಿಮ್ಮ ಮಗ ಅದಾನ್ರಿ."

"ಅದು ನನಗ ಗೊತ್ತೈತಿ. ಸತ್ತಾವ್ರ ಮನ್ಯಾಗೂ ಕಾಯಾಕತ್ತಾರ, ಏನಾತು ಅಂತ ಯಾರರೆ ಹೇಳ್ಲಿ ಅಂತ."

ಎದ್ದರು. ಬಾಗಿಲ ಚೌಕಟ್ಟು ಹಿಡಿದು, ನನ್ನ ಕಡೆ ನೋಡದೆ ಹೇಳಿದರು: "ನಾ ಫೋನ್ ಮಾಡಿದ್ದೂ ನೀ ಕೇಳೀದಿ. ಅದನ್ನ ನಾನ ಹೇಳ್ತೇನಿ. ಅದು ನಂದು."

ಠಾಣೆಯಲ್ಲಿ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ಮೋಟೆಬೆನ್ನೂರಿನಲ್ಲಿದ್ದ ಸತ್ತವರ ಮನೆಗೂ ಒಬ್ಬರೇ ಹೋಗಿದ್ದರಂತೆ. ಅದೂ ಕೇಳಿದ ಮಾತು.

ಕೇಸು ಕೋರ್ಟಿಗೆ ಬರುವಷ್ಟರಲ್ಲಿ ಕಾಲ ಕಳೆದಿತ್ತು. ಓಣಿಯ ಕೆಲವರು ಕುಪ್ಪಸ ಹೊಲಿಸಲು ಬೇರೆ ಕಡೆ ಹೋಗತೊಡಗಿದ್ದರು. ಕಟಕಟೆಯಲ್ಲಿ ನಿಂತು ನಾನು ನೋಡಿದ್ದನ್ನು ಹೇಳಿದೆ. ಮಗನ ಕಡೆಯ ವಕೀಲರು, "ಗಾಡಿ ಓಡುತ್ತಿರುವಾಗ ವೈರ್ ನೋಡಿದಿರಾ?" ಎಂದು ಕೇಳಿದರು. ಇಲ್ಲ ಎಂದೆ. "ಅಂದರೆ ಕಿವಿಯಲ್ಲಿ ಇರಲಿಲ್ಲ ಅನ್ನಿ" ಎಂದರು. ಇತ್ತೋ ಇರಲಿಲ್ಲವೋ ಗೊತ್ತಿಲ್ಲ, ಇಳಿದಾಗ ನೋಡಿದೆ ಎಂದೆ. ಗಾಡಿ ಯಾವ ಬದಿಗಿತ್ತು ಎಂದಾಗ ಬಲಕ್ಕೆ ಎಂದೆ. ಹೊರಗೆ ಬಂದಾಗ ದೊಡ್ಡವ್ವ ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟರು. ಇಬ್ಬರಿಗೂ ಅದೇ ದಾರಿ, ಅದೇ ಓಣಿ. ಕೂಡಿಯೇ ನಡೆದು ಬಂದೆವು. ದಾರಿಯಲ್ಲಿ ಮೆಣಸಿನಕಾಯಿಯ ರೇಟಿನ ಮಾತು ಬಿಟ್ಟರೆ ಬೇರೆ ಏನೂ ಆಡಲಿಲ್ಲ.

ಮಗನಿಗೆ ಶಿಕ್ಷೆಯಾಯಿತು. ಜೈಲು ಮುಗಿಸಿ ಬಂದವನು ಮತ್ತೆ ಗಾಡಿ ಮುಟ್ಟಲಿಲ್ಲ. ಚಿಕ್ಕಪ್ಪನ ಜತೆ ಸಂತೆಗಳಿಗೆ ಖಾರದ ಪುಡಿ ಒಯ್ಯತೊಡಗಿದ. ನನ್ನ ಅಂಗಡಿಯ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸುತ್ತಿದ್ದ.

ದೊಡ್ಡವ್ವನ ಗಿರಣಿ ಬಹಳ ದಿನ ಕಥೆಯಿಲ್ಲದ ಬರೀ ಗಿರಣಿಯಾಗಿತ್ತು. ಆಮೇಲೊಂದು ಮಧ್ಯಾಹ್ನ, ಕರೆಂಟ್ ಹೋದಾಗ, ಗೋಡೆಯ ಆಚೆಯಿಂದ ಅದೇ ಓದುವ ದನಿ ಕೇಳಿಸಿತು. ಇಷ್ಟಾದ ಮೇಲೂ ಕೇಳುತ್ತಾಳಲ್ಲ ಎಂದು ಓಣಿಯಲ್ಲಿ ಆಡಿಕೊಂಡರು. ಅದು ಅವರ ಕಿವಿಗೂ ಬಿತ್ತು.

"ಕಥಿ ಏನ್ ಮಾಡೇತಿ ಪಾಪ? ಅವಸರಾ ಮಾಡಿದಾಕಿ ನಾ" ಎಂದರು. ಅದರ ಬಗ್ಗೆ ಅವರು ನನ್ನೆದುರು ಆಡಿದ ಮಾತು ಅದೊಂದೇ. ಮತ್ತೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದರು. ಕಥೆ ಮುಗಿದರೆ ಯಾರಿಗೂ ಫೋನ್ ಮಾಡುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ, ವರ್ಷದ ಖಾರ ಕುಟ್ಟಿಸುವ ಗದ್ದಲದ ದಿನಗಳಲ್ಲಿ, ಅವರು ಹೋದರು. ಬೆಳಿಗ್ಗೆ ಗಿರಣಿ ಹಚ್ಚುವ ಮುಂಚೆ, ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು. ಹತ್ತಿರ ಇದ್ದವಳು ನಾನೊಬ್ಬಳೇ. ಮಗ ಗುತ್ತಲದ ಸಂತೆಗೆ ಹೋಗಿದ್ದ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಗ ನನ್ನ ಅಂಗಡಿಗೆ ಬಂದ. ಆ ಅಪಘಾತದ ನಂತರ ಅವನು ಹೊಸ್ತಿಲು ತುಳಿದದ್ದು ಅದೇ ಮೊದಲು. ಕೂರಲಿಲ್ಲ.

"ಅಕ್ಕಾ, ಕಾಕಾ ಹೇಳ್ತಾನ, ಅವ್ವ ನನ್ನ ಹೆಸರ ಹಿಡದು ಕರದ್ಲಂತ. ಮೂರ ಸಲ ಕರದು ಜೀವಾ ಬಿಟ್ಲಂತ. ಖರೇನು?"

ಹೌದು ಎನ್ನುವುದು ಸುಲಭವಿತ್ತು. ಅವನ ಮುಖ ಅದನ್ನೇ ಬೇಡುತ್ತಿತ್ತು. ಕತ್ತರಿಯನ್ನು ಕೆಳಗಿಟ್ಟೆ.

"ನಾ ಕೇಳಿಲ್ಲಪಾ. ನಿಮ್ಮ ಕಾಕಾ ಬರೂದ್ರಾಗ ಎಲ್ಲಾ ಮುಗದಿತ್ತು."

ಅವನು ಗೋಡೆಗೆ ಕೈ ಊರಿದ.

"ಕಾಕಾ ಅಂದಾಗ ನಂಬಿಕಿ ಬರಲಿಲ್ಲ. ಅದಕ್ಕ ನಿನ್ನ ಕಡೆ ಬಂದೆ. ಏನ್ ನೋಡೀದಿ, ಹೇಳು."

"ನಾ ನನ್ನ ಅಂಗಡಿ ಶಟರ್ ಎತ್ತಾಕತ್ತಿದ್ದೆ. ಅವರು ಕಟ್ಟಿ ಮ್ಯಾಲ ಕುಂತಿದ್ರು. 'ಅರ್ಧಾ ಯಾಕ ಎತ್ತೀದಿ, ಪೂರ್ತಿ ಎತ್ತು, ಗಿರಾಕಿ ಬಗ್ಗಿ ಬರಬೇಕೇನು?' ಅಂದ್ರು. ನಾ ಎತ್ತಿದೆ. ಆಮ್ಯಾಲ ನೀರ ಕೇಳಿದ್ರು. ತಂದ ಕೊಟ್ಟೆ. ಒಂದ ಗುಟುಕು ಕುಡದ್ರು. ಲೋಟಾ ಕೆಳಗಿಟ್ರು, ಬೀಳಸಲಿಲ್ಲ. ಓಣಿ ತಿರುವಿನ ಕಡೆ ನೋಡಿದ್ರು. ಹಂಗ ಗ್ವಾಡಿಗೆ ಒರಗಿದ್ರು."

"ತಿರುವಿನ್ಯಾಗ ಯಾರರೆ ಬರಾಕತ್ತಿದ್ರೇನು?"

"ಯಾರೂ ಇರಲಿಲ್ಲ."

"ಯಾಕ ನೋಡಿದ್ಲು?"

"ಅದು ನನಗ ಗೊತ್ತಿಲ್ಲಪಾ."

ಅವನು ಸ್ಟೂಲನ್ನು ಎಳೆದು ಕೂತ. ಮುಖ ಮುಚ್ಚಿಕೊಂಡ ಬೆರಳುಗಳ ನಡುವಿನಿಂದ ನೀರು ಇಳಿಯುತ್ತಿತ್ತು. ಒಮ್ಮೆ ನಕ್ಕ ಹಾಗೂ ಕೇಳಿಸಿತು. "ಗಿರಾಕಿ ಬಗ್ಗಿ ಬರಬೇಕೇನು ಅಂದ್ಲಾ?" ಎಂದ. ಹೌದು ಎಂದೆ.

"ಇನ್ನೊಮ್ಮೆ ಹೇಳಕ್ಕಾ, ಮೊದಲಿಂದ" ಎಂದ.

ಶಟರ್ ಎತ್ತುವಲ್ಲಿಂದ ಶುರು ಮಾಡಿ ಹೇಳಿದೆ.