ಆಮೇಲೇನಾಯ್ತು?

ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದವರು. ಮೈಕಿಗೆ ಕೇಳಿಸದಂತೆ ಹಾಳೆ ಸರಿಸುವ ಅಭ್ಯಾಸ ಅವರ ಬೆರಳುಗಳನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಪೇಪರ್ ಓದುವಾಗಲೂ ಪುಟ ಮಗುಚಿದ ಸದ್ದೇ ಇರುತ್ತಿರಲಿಲ್ಲ. ಬಡಾವಣೆಯಲ್ಲಿ ಯಾರಿಗೆ ರಕ್ತ ಬೇಕಾದರೂ ದಾನಿಗಳನ್ನು ಹುಡುಕಿ, ತಮ್ಮ ಸ್ಕೂಟರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ವಾರ ಕಳೆದ ಮೇಲೆ ರೋಗಿಯ ಮನೆಗೊಂದು ಫೋನು: “ಆಮೇಲೇನಾಯ್ತು?”

ಕೆಲವರಿಗೆ ಇದು ಕಿರಿಕಿರಿ. ನನಗೆ ಕುತೂಹಲ. ಒಮ್ಮೆ ಕೇಳಿಯೇಬಿಟ್ಟೆ.

“ಸರ್ವೀಸ್ ಪೂರ್ತಿ ‘ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸಲಾಗಿದೆ’ ಅಂತ ಓದಿದೀನಿ ಕಣಪ್ಪಾ. ಅವರು ಮನೆಗೆ ಹೋದ್ರಾ ಅಂತ ಯಾರೂ ಬರ್ಕೊಡ್ಲೇ ಇಲ್ಲ.”

ಒಂದು ಭಾನುವಾರ ವಾಟ್ಸಾಪ್‌ನಲ್ಲಿ, ಹೆಂಗಸೊಬ್ಬರಿಗೆ ತುರ್ತಾಗಿ ರಕ್ತ ಬೇಕೆಂಬ ಸಂದೇಶ ಬಂತು. ಬಡಾವಣೆಯವರೆಲ್ಲ ಅದನ್ನು ಇನ್ನಷ್ಟು ಗುಂಪುಗಳಿಗೆ ದಾಟಿಸಿದರು. ಇವರು ಮಾತ್ರ ಅದರಲ್ಲಿದ್ದ ನಂಬರಿಗೆ ಫೋನು ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ಅಯ್ಯೋ ಸಾರ್, ಅದು ಹಳೇ ಮೆಸೇಜು. ಇನ್ನೂ ಓಡಾಡ್ತಾನೇ ಇದೆ,” ಎಂದಿತು ಬೇಸತ್ತ ಹೆಣ್ಣುದನಿ.

ನಾನಾಗಿದ್ದರೆ ಸಾರಿ ಹೇಳಿ ಇಟ್ಟುಬಿಡುತ್ತಿದ್ದೆ.

“ಆಮೇಲೇನಾಯ್ತಮ್ಮಾ?” ಎಂದರು ಇವರು.

ಆಚೆಯ ದನಿ ಮೆತ್ತಗಾಯಿತು.

“ಅಮ್ಮ ಹುಷಾರಾಗಿದಾರೆ ಸಾರ್. ಇಲ್ಲೇ ಚಪಾತಿ ಲಟ್ಟಿಸ್ತಾ ಇದಾರೆ. ಇಷ್ಟು ಜನ ಫೋನ್ ಮಾಡಿದ್ರೂ ಇದನ್ನ ಕೇಳಿದ್ದು ನೀವೊಬ್ರೇ.”

ಇವರ ಕಣ್ಣು ಒದ್ದೆಯಾಗಿತ್ತು. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆ. ಇವರು ಫೋನನ್ನು ಇನ್ನೂ ಹತ್ತಿರ ಎಳೆದುಕೊಂಡರು.

“ಚಪಾತಿಗೆ ಏನು ಪಲ್ಯ ಮಾಡಿದಾರಮ್ಮಾ?”