‘ಹೂ’ ಮತ್ತು ‘ವಿಚ್’ ನಡುವೆ ಒಂದು ಮಗು

ಇಂಗ್ಲಿಷ್ ಬರೆಯುವಾಗ ನಾನು ಇವತ್ತಿಗೂ ಎರಡು ಪದಗಳ ಮುಂದೆ ನಿಂತುಬಿಡುತ್ತೇನೆ: ‘ಹೂ’ (who) ಮತ್ತು ‘ವಿಚ್’ (which). ಮನುಷ್ಯರಿಗೆ ಹೂ, ಉಳಿದದ್ದಕ್ಕೆಲ್ಲ ವಿಚ್ ಎಂದು ಸ್ಕೂಲಿನಲ್ಲೇ ಹೇಳಿಕೊಟ್ಟಿರುತ್ತಾರೆ, ಇದರಲ್ಲಿ ನಿಲ್ಲುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ತೊಂಬತ್ತರ ದಶಕದಲ್ಲಿ ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದ ನನಗೆ ವ್ಯಾಕರಣದ ಕೊಬ್ಬು ಚೆನ್ನಾಗಿಯೇ ಇತ್ತು. ‘ಹೂ’ಗೂ ‘ಹೂಮ್’ಗೂ ಇರುವ ವ್ಯತ್ಯಾಸವನ್ನು ಕೇಳದವರಿಗೂ ವಿವರಿಸುತ್ತಿದ್ದೆ. ನಾನು ಬಾಯಿ ತೆರೆದರೆ ಪಕ್ಕದ ಅಂಗಡಿಯ ಟೈಲರ್ ಭಾಯ್ ಮೆಷಿನ್ ಜೋರಾಗಿ ತುಳಿಯತೊಡಗುತ್ತಿದ್ದರು.

ಒಂದು ಬೆಳಿಗ್ಗೆ ಮುನಿರಾಜು ಎಂಬಾತ ಬಂದ. ಕೆ.ಆರ್. ಪುರದ ಆಚೆಯ ಹಳ್ಳಿಯವನು, ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಮಗು ಅಲ್ಲೇ ಹತ್ತಿರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಉಳಿಯುತ್ತದೆ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ಅವನಿಗೆ ಒಂದು ತಿಂಗಳ ರಜೆ ಬೇಕಿತ್ತು. ಹೊಸ ಮ್ಯಾನೇಜರಿಗೆ ಕನ್ನಡ ಬಾರದು, ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕು.

‘ನನಗೆ ಹುಟ್ಟಿದ ಮಗು’ ಎಂದರೆ ಕನ್ನಡದಲ್ಲಿ ಮುಗಿಯಿತು. ಹುಟ್ಟಿದ ಮಗು, ಹುಟ್ಟಿದ ಕರು, ಹುಟ್ಟಿದ ಆಸೆ. ನಮ್ಮ ‘ಹುಟ್ಟಿದ’ ಯಾರ ಜಾತಕವನ್ನೂ ಕೇಳುವುದಿಲ್ಲ. ಇಂಗ್ಲಿಷ್ ಬಾಗಿಲಲ್ಲೇ ತಡೆದು ವಿಚಾರಿಸುತ್ತದೆ: ಬಂದಿರುವುದು ಯಾರೋ, ಯಾವುದೋ? ಎಳೆಗೂಸಿಗೆ ‘ವಿಚ್’ ನಡೆಯುತ್ತದೆಂದು ನನ್ನ ಹಳೆಯ ವ್ಯಾಕರಣ ಪುಸ್ತಕದಲ್ಲಿತ್ತು. ಅದನ್ನೇ ಹೊಡೆದೆ.

ಮುನಿರಾಜು ಹಾಳೆ ಹಿಡಿದು ಪದ ಪದವಾಗಿ ಓದುತ್ತ ಬಂದವನು ಅಲ್ಲಿ ನಿಂತ.

“ಸಾರ್, ವಿಚ್ ಅಂದ್ರೆ ಯಾವ್ದು ಅಂತ ಅಲ್ವಾ?”

“ಹೌದಪ್ಪ. ಸಣ್ಣ ಮಗೂಗೆ ಹಾಗೆ ಬರೀಬಹುದು, ರೂಲ್ ಇದೆ.”

“ಯಾರು ಅನ್ನೋಕೆ ಬೇರೆ ಪದ ಇತ್ತಲ್ಲ?”

“ಹೂ. ಆದ್ರೆ ಇದೂ ತಪ್ಪಲ್ಲ.”

ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ: “ಬೆಳಿಗ್ಗೆ ನರ್ಸಮ್ಮ ಪೆಟ್ಟಿಗೆ ಒಳಗೆ ಕೈ ಹಾಕೋಕೆ ಬಿಟ್ರು ಸಾರ್. ನನ್ನ ಬೆರಳು ಹಿಡ್ಕೊಂಡ್ಬಿಟ್ಳು. ಬಿಡಿಸ್ಕೊಳ್ಳೋಕೇ ಆಗ್ಲಿಲ್ಲ. ಅವಳು ಯಾರೋ ಒಬ್ಬಳು ಸಾರ್. ಯಾವ್ದೋ ಅಂತ ಬರೀಬೇಡಿ.”

ತಪ್ಪು ಮುಚ್ಚುವ ಬಿಳಿ ಬಣ್ಣದ ಸೀಸೆ ಮೇಜಿನ ಮೇಲೇ ಇತ್ತು, ಮುಟ್ಟಲು ಮನಸ್ಸಾಗಲಿಲ್ಲ. ಹೊಸ ಹಾಳೆ ಸೇರಿಸಿ ಮೊದಲಿಂದ ಹೊಡೆದೆ. ‘ಹೂ’ಗೆ ಮೂರೇ ಕೀಲಿ, ನಾನು ಸಾವಿರ ಸಲ ಒತ್ತಿದಂಥವು. ಅವತ್ತು ಮಾತ್ರ ಒತ್ತುತ್ತಿದ್ದಂತೆ ಹಾಳೆಯ ಮೇಲೆ ಯಾರೋ ಬಂದು ನಿಂತ ಹಾಗಾಯಿತು.

ಮಧ್ಯಾಹ್ನ ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೋದೆ. ನರ್ಸಮ್ಮ ಕಿಟಕಿಯಿಂದ ತೋರಿಸಿದರು. ಬೆಂಕಿಪೊಟ್ಟಣದಷ್ಟು ಎದೆ, ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ಕೆಲಸ ನಡೆಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಗೊತ್ತಿಲ್ಲದೆಯೇ ಚಪ್ಪಲಿ ಬಿಟ್ಟು ನಿಂತಿದ್ದೆ.

ರಜೆ ಸಿಕ್ಕಿತು. ನನ್ನ ಇಂಗ್ಲಿಷಿನ ಮಹಿಮೆ ಎಂದು ಭಾಯ್‌ಗೆ ಹೇಳಿದೆ. “ನಿಮ್ಮ ಇಂಗ್ಲಿಷ್ ಕೇಳಿದ್ರೆ ಯಾರಾದ್ರೂ ರಜಾ ಕೊಟ್ಟು ಕಳಿಸ್ತಾರೆ ಬಿಡಿ” ಎಂದರು.

ಮಗು ಉಳಿಯಿತು. ನಲವತ್ತು ದಿನದ ಮೇಲೆ ಮನೆಗೆ ಕರೆದುಕೊಂಡು ಹೋಗುವಾಗ ಗಂಡ ಹೆಂಡತಿ ಅಂಗಡಿಗೆ ಬಂದರು. ಟವೆಲಿನೊಳಗಿಂದ ಒಂದು ಮೂಗು ಮಾತ್ರ ಕಾಣುತ್ತಿತ್ತು. ಸಂಭ್ರಮದಲ್ಲಿ ಕೇಳಿಯೇಬಿಟ್ಟೆ: “ಇದಕ್ಕೆ ಏನು ಹೆಸರಿಟ್ರಿ?” ತಕ್ಷಣ ನಾಲಿಗೆ ಕಚ್ಚಿಕೊಂಡೆ.

ಮುನಿರಾಜು ಅದನ್ನು ಗಮನಿಸಲೇ ಇಲ್ಲ. ಟವೆಲಿನ ಅಂಚು ಸರಿಸಿ ನೋಡುತ್ತ, “ಇನ್ನೂ ಇಲ್ಲ ಸಾರ್. ಮೊದ್ಲು ಇದು ಮನೆಗೆ ಬರ್ಲಿ ಅಂತ ಕಾಯ್ತಿದ್ವಿ” ಎಂದ.

‘ಇದು’ ಅಂದ! ಆ ‘ಇದು’ವಿನಲ್ಲಿ ಎಷ್ಟು ಮುದ್ದಿತ್ತೆಂದರೆ, ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ಆ ನಂತರ ಯಾರು ಕೇಳಿದರೂ ನಾನು ಗೊತ್ತಿಲ್ಲ ಎಂದೇ ಹೇಳುತ್ತೇನೆ.