ಹೆಸರು ಕಳಕೊಂಡ ಬಾಗಿಲುಗಳು

ನನಗೆ ಲಿನಕ್ಸ್ ಅಂದರೆ ಹೆಮ್ಮೆ, ಸ್ವಲ್ಪ ಸೊಕ್ಕು ಕೂಡ. ಜಮಖಂಡಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಯಾರಾದರೂ ವೈರಸ್ಸಿನ ಗೋಳು ಹೇಳಿಕೊಂಡು ಬಂದರೆ ಸಾಕು, ಅವರು ಬೇಡವೆಂದರೂ ಕಂಪ್ಯೂಟರ್ ನಡೆಸುವ ಹಳೇ ತಂತ್ರಾಂಶ ಅಳಿಸಿ ಲಿನಕ್ಸ್ ಹಾಕಿ ಕಳಿಸುತ್ತಿದ್ದೆ. ಬೀಳಗಿ ಹತ್ತಿರದ ನಮ್ಮ ಪುನರ್ವಸತಿ ಊರಿನಲ್ಲಿದ್ದ ಮಾಸ್ತರರಿಗೂ ಹಾಗೇ ಹಾಕಿಕೊಟ್ಟೆ. ಅವರು ನನಗೆ ಅಕ್ಷರ ಕಲಿಸಿದವರು, ಆಗ ನಿವೃತ್ತರಾಗಿದ್ದರು. ಇನ್ನು ಹತ್ತು ವರ್ಷ ಚಿಂತೆಯಿಲ್ಲ ಅಂತ ಬೇರೆ ಹೇಳಿ ಬಂದಿದ್ದೆ.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಬಾಗಿಲುಗಳು. ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಬರುವ ಮೊದಲು, ಜನ ಕದ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದಾಗ, ಮಾಸ್ತರರು ಯಾರದೋ ಕ್ಯಾಮೆರಾ ಇಸಕೊಂಡು ಓಣಿ ಓಣಿ ತಿರುಗಿದ್ದರು. ಪ್ರತಿ ಮನೆಯವರಿಗೂ ಒಮ್ಮೆ ಬಾಗಿಲು ಮುಚ್ಚಲು ಹೇಳಿ ಒಂದು ಫೋಟೊ ತೆಗೆದಿದ್ದರು. ಕಿತ್ತು ತಂದ ಬಾಗಿಲುಗಳು ಹೊಸ ಮನೆಗಳಿಗೆ ಹೊಂದಲಿಲ್ಲ. ಹೆಚ್ಚಿನವು ಮುಧೋಳದ ಹಳೇ ಕಟ್ಟಿಗೆ ವ್ಯಾಪಾರಿಗಳ ಪಾಲಾದವು. ಮುಂದೆ ಮಾಸ್ತರರು ಫೋಟೊಗಳನ್ನು ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ, ಎರಡು ತಿಂಗಳು ಕೂತು, ಒಂದೊಂದಕ್ಕೂ ಆ ಮನೆಯ ಹೆಸರು ಟೈಪ್ ಮಾಡಿದರು. ಅಷ್ಟರಲ್ಲಿ ಮೂಲ ಫೋಟೊಗಳನ್ನು ಗೆದ್ದಲು ತಿಂದಿತ್ತು. ಅವರ ಕಣ್ಣಿಗೂ ಪೊರೆ ಬಂದಿತ್ತು.

ಒಂದು ಭಾನುವಾರ ಅವರ ಫೋನು ಬಂತು. ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರು ಏಳುತ್ತಿಲ್ಲ, ಕರಿ ಪರದೆ ಮೇಲೆ ಏನೋ ಕೇಳುತ್ತಿದೆ ಅಂದರು. ಬಸ್ಸು ಹಿಡಿದು ಹೋದೆ. ಡಿಸ್ಕಿನ ಲೆಕ್ಕ ತಪ್ಪಿದೆ, ಸರಿಪಡಿಸುವ ಆಜ್ಞೆಯನ್ನು ನೀನೇ ಕೊಡು ಅಂತ ಅದು ಕೇಳುತ್ತಿತ್ತು. ಇಂಥ ಹೊತ್ತಿನಲ್ಲಿ ಮೊದಲು ಇಡೀ ಡಿಸ್ಕಿನದೊಂದು ಪ್ರತಿ ತೆಗೆಯಬೇಕು, ಆಮೇಲೆ ಕೈ ಹಚ್ಚಬೇಕು. ಲ್ಯಾಬಿನ ಹುಡುಗರಿಗೆ ಈ ಮಾತನ್ನು ಬೈದು ಬೈದು ಕಲಿಸಿದವನು ನಾನೇ. ಆದರೆ ಮಾಸ್ತರರ ಹೆಂಡತಿ ಚಹಾ ಇಟ್ಟಿದ್ದರು, ಮೂರು ಗಂಟೆಗೆ ತಿರುಗಿ ಹೋಗುವ ಬಸ್ಸಿತ್ತು. ಪ್ರತಿ ತೆಗೆಯದೆ ಆಜ್ಞೆ ಕೊಟ್ಟೆ. ಕಂಪ್ಯೂಟರು ಒಂದರ ಹಿಂದೊಂದು ಪ್ರಶ್ನೆ ಕೇಳತೊಡಗಿತು. ಓದುವ ತಾಳ್ಮೆ ನನಗೆಲ್ಲಿ? ಪುನರ್ವಸತಿ ಕಚೇರಿಯಲ್ಲಿ ನಮ್ಮ ಜನ ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದ ಹಾಗೆ ಎಲ್ಲದಕ್ಕೂ ಹೌದು ಅಂದುಬಿಟ್ಟೆ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಕಂಪ್ಯೂಟರು ಎದ್ದಿತು. ಬಾಗಿಲುಗಳ ಫೋಲ್ಡರ್ ಮಾತ್ರ ಇರಲಿಲ್ಲ. ಕಳೆದು ಸಿಕ್ಕ ಸಾಮಾನು ಹಾಕಲೆಂದೇ ಲಿನಕ್ಸಿನಲ್ಲಿ ಒಂದು ಮೂಲೆಯಿದೆ. ಅಲ್ಲಿ ಫೋಟೊಗಳೆಲ್ಲ ಇದ್ದವು, ಹೆಸರಿನ ಜಾಗದಲ್ಲಿ ಬರೀ ಉದ್ದುದ್ದ ಅಂಕಿಗಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸುಳ್ಳು ಹೇಳಿ ತಪ್ಪಿಸಿಕೊಳ್ಳೋಣವೆಂದೂ ಅನ್ನಿಸಿತು. ಆದರೂ ಅವಸರ ಮಾಡಿದ್ದು ನಾನೇ ಅಂತ ಒಪ್ಪಿಕೊಂಡೆ.

ಮಾಸ್ತರರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು.

"ಹೆಸರು ಹೋದ್ವು ಅಂದ್ರ ಊರು ಎರಡನೇ ಸಲ ಮುಳುಗಿದಂಗಾತು ನೋಡಪಾ," ಅಂದರು. "ನನಗಂತೂ ಈಗ ಕಣ್ಣು ಕಾಣಂಗಿಲ್ಲ."

ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಮೊದಲು ಎಲ್ಲವನ್ನೂ ಎರಡು ಡಿವಿಡಿಗೆ ಬರೆದಿಟ್ಟೆ. ಆಮೇಲೆ ನಮ್ಮವ್ವನನ್ನೂ ಓಣಿಯ ನಾಲ್ಕು ಜನ ಹೆಂಗಸರನ್ನೂ ಕರೆದು ಪರದೆಯ ಮುಂದೆ ಕೂರಿಸಿದೆ. ನಾನು ಒಂದೊಂದೇ ಬಾಗಿಲು ತೋರಿಸುವುದು, ಅವರು ಹೆಸರು ಹೇಳುವುದು. ತೋರಣದ ಮೊಳೆ ಬಾಗಿದ್ದು ಬಡಿಗೇರ ಮನೆ, ಬಡಿಗನ ಮನೆಯಲ್ಲೇ ಮೊಳೆ ಸೊಟ್ಟ ಅಂತ ನಕ್ಕರು. ಹೊಸ್ತಿಲು ಒಂದು ಕಡೆ ಸವೆದದ್ದು ಕುಂಬಾರರದು. ಕೆಲವು ಬಾಗಿಲಿಗೆ ಜಗಳ ಹತ್ತಿತು, ಚಹಾ ಬಂದ ಮೇಲೆ ಇಳಿಯಿತು. ಮಾಸ್ತರರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು, ತಪ್ಪಿದಲ್ಲಿ ತಿದ್ದುತ್ತಿದ್ದರು. ಸಂಜೆಯೊಳಗೆ ಹೆಚ್ಚುಕಡಿಮೆ ಊರೆಲ್ಲ ತಿರುಗಿ ಬಂತು.

ಕಡೆಯ ಹೊತ್ತಿಗೆ ಒಂದು ಬಾಗಿಲು ಬಂತು. ಹಸಿರು ಬಣ್ಣ ಚಕ್ಕೆ ಎದ್ದಿತ್ತು, ನಡುವೆ ಎರಡು ಹಿತ್ತಾಳೆ ಬಳೆ. ಹೆಂಗಸರು ಹೆಸರು ಹೇಳದೆ ಅವ್ವನ ಕಡೆ ತಿರುಗಿದರು. ಗುರುತು ಸಿಗುತ್ತಿಲ್ಲವೇನೋ ಎಂದುಕೊಂಡು, ಇದು ಪಕ್ಕದ ಊರಿನದಿರಬೇಕು, ಮುಂದಿನದು ನೋಡೋಣವೇ ಅಂತ ಕೇಳಿದೆ.

ನಮ್ಮವ್ವ ನನ್ನನ್ನೇ ನೋಡುತ್ತಿದ್ದಳು.

"ನಮ್ಮ ಮನೀನ ಅದು," ಅಂದಳು. "ಮುಚ್ಚಿದ್ದು ನೀ ಯಾವಾಗ ನೋಡಿದ್ದೀ?"

ಖರೆ. ಹಗಲೆಲ್ಲ ನಮ್ಮ ಬಾಗಿಲು ತೆರೆದೇ ಇರುತ್ತಿತ್ತು. ರಾತ್ರಿ ಮುಚ್ಚಿದಾಗ ನಾನು ಒಳಗಿರುತ್ತಿದ್ದೆ. ಮನೆ ಖಾಲಿ ಮಾಡಿದ ದಿನ ಜಮಖಂಡಿಯ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಉಳಿದವಕ್ಕೆಲ್ಲ ಮನೆತನದ ಹೆಸರು ಹಾಕಿದ್ದೆ. ಇದಕ್ಕೆ ಮಾತ್ರ ಅವ್ವ ಹೇಳಿದ ಹಾಗೇ 'ನಮ್ಮ ಮನಿ' ಅಂತ ಬರೆದೆ.